ಘಾಟು ಬಾರದ ಮೆಣಸಿನಕಾಯಿ

ನನ್ನ ಅತ್ತೆ ಗೋವಿಂದಮ್ಮನಿಗೆ ಹೊಸೂರು ಕಡೆಯ ಬೇರಿಕೆ ಹತ್ತಿರ ಅರ್ಧ ಎಕರೆ ಮೆಣಸಿನಕಾಯಿ ತೋಟ. ನಲವತ್ತು ವರ್ಷದಿಂದ ಬೀಜವನ್ನು ತಾವೇ ಆರಿಸಿ, ಬೂದಿಗೆ ಬೆರೆಸಿಟ್ಟು, ಸಸಿ ಮಾಡಿ ನೆಡುತ್ತಾರೆ. ಅವರ ಕಾಯಿ ಹಾಕಿದ ಸಾರು ಉಂಡ ಹೊಸಬರು ಎರಡನೆಯ ತುತ್ತಿಗೇ ನೀರಿನ ಲೋಟ ಹುಡುಕುತ್ತಾರೆ. ಅತ್ತೆಗೆ ಅದೇ ಹೆಮ್ಮೆ. ಮಾತಿನಲ್ಲೂ ಖಾರ ಕಡಿಮೆಯಿಲ್ಲ. ಅಂಗಡಿಯ ಮೆಣಸಿನಕಾಯಿ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ.

ನಾನು ದಾಟಿಸಿದೆ. ನಾಲ್ಕು ವರ್ಷದ ನನ್ನ ಮಗಳು ಮಂಗಳಾ ಸಾರು ಕಂಡರೆ ಅಳುತ್ತಿದ್ದಳು. ಹೊಸೂರಿನಿಂದ ಖಾರ ಇಲ್ಲವೇ ಇಲ್ಲ ಎನ್ನುವಂಥ ಒಣಮೆಣಸಿನಕಾಯಿ ತಂದು ಅಡುಗೆಮನೆಯ ಡಬ್ಬಕ್ಕೆ ತುಂಬಿದೆ. ಅತ್ತೆಯದನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಅತ್ತೆ ಉಣ್ಣುವಾಗ ಹಸಿಮೆಣಸಿನಕಾಯಿ ಕಚ್ಚಿಕೊಳ್ಳುವವರು, ಸಾರು ಸಪ್ಪೆಯಾದದ್ದು ಅವರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮಂಗಳಾಗೆ ಜ್ವರ ಬಂತು. ಎರಡನೆಯ ದಿನ ಸಂಜೆ ಮಗು ಏದುಸಿರು ಬಿಡುತ್ತಿತ್ತು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಗಂಡ ಕೆಂಪರಾಜು ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ, ಫೋನು ತೆಗೆಯುತ್ತಿಲ್ಲ. ಆಸ್ಪತ್ರೆಗೆ ಹೋಗೋಣವೆಂದೆ.

"ಸೂಜಿ ಚುಚ್ಚಿ ಮಗೀನ ಇನ್ನೂ ಸುಸ್ತ್ ಮಾಡ್ತಾರೆ. ಮೊದ್ಲು ದೃಷ್ಟಿ ತೆಗೀತೀನಿ ಇರು," ಎಂದರು ಅತ್ತೆ.

ಡಬ್ಬದಿಂದ ಒಂದು ಹಿಡಿ ಕಾಯಿ, ಉಪ್ಪು ತೆಗೆದು, ಮಗುವಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಎದ್ದು ಕೆಮ್ಮು ಬಂದರೆ ಬರೀ ಜ್ವರ, ಬರದಿದ್ದರೆ ದೃಷ್ಟಿ ತಗುಲಿದೆ. ನಮ್ಮ ಕಡೆ ಲೆಕ್ಕ ಹಾಗೆ. ಕಾಯಿ ಸುಟ್ಟು ಕರಕಲಾಯಿತು. ಯಾರೂ ಕೆಮ್ಮಲಿಲ್ಲ.

ಅತ್ತೆ ಇನ್ನೊಂದು ಹಿಡಿ ಹಾಕಿದರು. ಮತ್ತೊಂದು ಹಿಡಿ. ಮೂರನೆಯ ಸಲ ಕೆಂಡವನ್ನು ಊದಿ ಊದಿ ನೋಡಿದರು. ನಿಜ ಹೇಳಲು ಬಾಯಿ ತೆರೆದೆ. ಹೇಳಿದರೆ ಬರೀ ಜ್ವರವೆಂದು ಕಷಾಯ ಕಾಸಲು ಕೂರುತ್ತಾರೆ ಅನ್ನಿಸಿತು, ಬಾಯಿ ಮುಚ್ಚಿಕೊಂಡೆ.

"ನನ್ ಕಾಯ್ಗೇ ಬಗ್ಗಲಿಲ್ಲ ಅಂದ್ರೆ ಇದು ನನ್ ಕೈ ಮೀರ್ತು ಕಣಮ್ಮಿ. ಆಟೋ ಕರಿ, ಆಸ್ಪತ್ರೆಗೆ ಹೋಗ್ಬುಡಾನ."

"ಏಮ್ಮಾ, ಇವ್ವಳವು ಲೇಟು?" ಇಷ್ಟು ತಡ ಯಾಕೆಂದು ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನಲ್ಲಿ ಗದರಿದರು. ನ್ಯುಮೋನಿಯಾ. ಬೆಳಗಿನವರೆಗೆ ಕಾದಿದ್ದರೆ ಮಗು ಉಳಿಯುವುದು ಕಷ್ಟವಿತ್ತಂತೆ. ಐದು ದಿನ ಮಂಚದ ಕಾಲು ಹಿಡಿದು ಕೂತಿದ್ದೆ.

ಮಂಗಳಾ ಮನೆಗೆ ಬಂದ ದಿನ ಎದುರುಮನೆಯ ರಾಮಕ್ಕ ರವೆ ಗಂಜಿ ಮಾಡಿಕೊಂಡು ಬಂದಳು. ಅತ್ತೆ ಅವಳ ಮುಖದ ಮೇಲೆ ಬಾಗಿಲು ಹಾಕಿದರು. ದೃಷ್ಟಿ ಅವಳದೇ ಎಂದು ಅವರ ತೀರ್ಮಾನ. ರಾಮಕ್ಕ ಪಾತ್ರೆಯನ್ನು ಹೊಸ್ತಿಲಲ್ಲೇ ಇಟ್ಟು ಅಳುತ್ತ ಹೋದಳು.

ಇನ್ನು ಸುಮ್ಮನಿರಲಾಗಲಿಲ್ಲ. ಅಟ್ಟದ ಚೀಲ ಇಳಿಸಿ ಡಬ್ಬದ ಪಕ್ಕಕ್ಕಿಟ್ಟು, ತಡವರಿಸುತ್ತ ಎಲ್ಲ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ.

ಅತ್ತೆ ಡಬ್ಬದ ಕಾಯಿ ಮುರಿದು ಬೀಜವನ್ನು ನಾಲಿಗೆಯ ಮೇಲಿಟ್ಟುಕೊಂಡರು.

"ನನ್ ಕಾಯೇ ಡಬ್ಬದಲ್ಲಿದ್ದಿದ್ರೆ ಘಾಟು ಬಂದಿರೋದು," ಎಂದರು ಮೆಲ್ಲಗೆ. "ಬರೀ ಜ್ವರ ಅಂತ ಮಗೀನ ಮನೇಲೇ ಇಟ್ಕಂಡಿರ್ತಿದ್ದೆ."

ಅತ್ತೆ ಬಾಗಿಲು ತೆಗೆದು, ಗಂಜಿಯ ಪಾತ್ರೆ ಎತ್ತಿಕೊಂಡು, ಬರಿಗಾಲಲ್ಲೇ ರಾಮಕ್ಕನ ಮನೆ ಕಡೆ ನಡೆದರು. ಅವಳ ಹೊಸ್ತಿಲ ಹೊರಗೇ ನಿಂತು, "ರಾಮಕ್ಕಾ" ಎಂದು ಮೆಲ್ಲಗೆ ಕರೆದರು.