ತಂಗಡಗಿ ಏರಿನಾಗ ನಿಂತ ಕಾರು

ಆ ಕಾರು ಚಾಲೂ ಆದರ ಸಿಂದಗಿ ಬಸ್ ಸ್ಟ್ಯಾಂಡಿನಾಗ ಕುಂತವರು ಎದ್ದು ನೋಡತಿದ್ದರು. ಸಣ್ಣ ಕಾರು, ಅದರ ಹೊಟ್ಟಿಯೊಳಗ ಜೀಪಿನ ಎಂಜಿನ್. ಮುದ್ದೇಬಿಹಾಳದ ಹತ್ತಿ ಸಾವಕಾರ್ರು ಒಬ್ಬರಿಗೆ ಬಸ್ಸಿನ ಹಿಂದ ಧೂಳ ತಿಂದು ತಿಂದು ಸಾಕಾಗಿತ್ತು. ಲಿಲಾವಿನಾಗ ಹಿಡಿದ ಎಂಜಿನ್ ತಂದು ನನ್ನ ಮುಂದ ಇಳಿಸಿ, "ಇದನ್ನ ನನ್ನ ಕಾರಿಗೆ ಕುಂದರಿಸಿ ಕೊಡತಿಯೇನಪಾ?" ಅಂದರು. ಕೊಡತೇನ್ರಿ ಅಂದೆ. ಸಿಂದಗಿಯೊಳಗ ಸ್ವಂತ ಗ್ಯಾರೇಜ್ ಹಾಕಿ ವರ್ಷ ತುಂಬಿರಲಿಲ್ಲ, ಎಪ್ಪತ್ತರ ದಶಕದ ಮಾತು. ಆಗೂದಿಲ್ಲ ಅನ್ನೋದು ಆಗ ನನ್ನ ಬಾಯಾಗ ಬರತಿರಲಿಲ್ಲ.

ಆಗೂದಿಲ್ಲ ಅಂದವರು ನನ್ನ ಉಸ್ತಾದ್ರು. ಇಂಡಿ ಊರಾಗ ಅವರ ಕೈಕೆಳಗ ನಟ್ಟು ಬಿಚ್ಚೋ ಪಾನಾ ಹಿಡಿಯೋದು ಕಲಿತಾಂವ ನಾನು. "ಎಂಜಿನ್ ಕುಂದರತೈತಿ, ಓಡತೈತಿ. ಆದ್ರ ಆ ಸಣ್ಣ ಕ್ಲಚ್ಚು ಇಷ್ಟು ಜೋರು ತಡಿಯಾಂಗಿಲ್ಲ, ಜಾರತೈತಿ," ಅಂದರು. ಮುದುಕಗ ಹೊಟ್ಟಿಕಿಚ್ಚು ಅಂತ ಮನಸ್ಸಿನಾಗ ಬೈದೆ. ಎಂಜಿನ್ನಿನ ಜೋರನ್ನ ಗಾಲಿಗೆ ಮುಟ್ಟಿಸೋದು ಕ್ಲಚ್ ಪ್ಲೇಟು, ಅದು ಕಚ್ಚಿ ಹಿಡಿದರ ಮುಗೀತಲ್ಲ. ಸೊಲ್ಲಾಪುರಕ್ಕ ಹೋಗಿ ದಪ್ಪ ಲೈನಿಂಗ್ ಬಡಿಸಿದ ಪ್ಲೇಟು, ಬಿರುಸು ಸ್ಪ್ರಿಂಗು ತಂದೆ.

ತಂದದ್ದು ಮಾನೌಮಿ ಹೊತ್ತಿನಾಗ. ಖಂಡೇಪೂಜಿ ದಿನ ನಮ್ಮ ಮನ್ಯಾಗ ಕುಡ, ಕುರಪಿ, ಕುಡಗೋಲು, ನನ್ನ ಪಾನಾ, ಜಾಕು ಎಲ್ಲಾ ಜಗಲಿ ಮುಂದ ಕೂಡತಾವು. ಪ್ಲೇಟನ್ನೂ ಅಲ್ಲೇ ಇಟ್ಟೆ. ಅವ್ವ ನಸುಕಿನಾಗ ಎದ್ದು ಎಲ್ಲಾ ಒರಿಸಿ, ವಿಭೂತಿ ಹಚ್ಚಿ ಪೂಜಿ ಮಾಡಿದಳು. ಜಗಲಿ ಮುಂದಿನ ಸಾಮಾನೆಲ್ಲಾ ಮಿರಮಿರ ಮಿಂಚತಿದ್ದವು. ಮರುದಿನ ವಿಭೂತಿ ಒರಿಸಿ ಪ್ಲೇಟು ಕುಂದರಿಸಿಬಿಟ್ಟೆ.

ಟ್ರಾಯಲಿಗೆ ಉಸ್ತಾದ್ರನ್ನ ನಾನ ಕರಕೊಂಡು ಬಂದೆ. ಯಾಕ ಅಂತ ಹೇಳಬೇಕೇನು? ಅವರ ಕಣ್ಣ ಮುಂದ ಓಡಿಸಿ ತೋರಸಬೇಕಾಗಿತ್ತು. ಸಾವಕಾರ್ರು ಮುಂದ, ಉಸ್ತಾದ್ರು ಹಿಂದ. ಬಸವನ ಬಾಗೇವಾಡಿ ದಾಟೋದ್ರಾಗ ಎರಡು ಬಸ್ಸು ಹಿಂದ ಹಾಕಿದೆ. ಸಾವಕಾರ್ರು ಟೊಪಗಿ ಹಿಡಕೊಂಡು ನಕ್ಕರು. ಮುದ್ದೇಬಿಹಾಳ ದಾಟಿ ತಂಗಡಗಿಗೆ ಹೋಗಿ, ಹೊಳಿ ದಂಡಿಗೆ ಇಳಿದು ಕೈಕಾಲು ಮುಖಾ ತೊಳಕೊಂಡ್ವಿ.

ತಿರುಗಿ ಏರು ಹತ್ತಬೇಕಾದ್ರ ಎಂಜಿನ್ ಒದರಾಕತ್ತಿತು, ಕಾರು ಮುಂದ ಹೋಗವಲ್ದು. ಆಕ್ಸಲೇಟರ್ ತುಳಿದಷ್ಟೂ ಸಪ್ಪಳ ಹೆಚ್ಚಾತು, ಗಾಲಿ ನಿಂತಲ್ಲೇ ನಿಂತವು.

"ಯಾರೋ ಭಜಿ ಕರ್ಯಾಕತ್ತಾರಲ್ಲ," ಅಂದರು ಸಾವಕಾರ್ರು, ಮೂಗು ಏರಿಸಿ.

ನಾನು ಇಳಿದು ಕ್ಲಚ್ ಪೆಡಲಿನ ಸಡಿಲು ನೋಡಿದೆ, ಬೇಕಾದಷ್ಟು ಇತ್ತು. ಉಸ್ತಾದ್ರು ಹಿಂದಿನಿಂದ ಮೆಲ್ಲಗ, "ಹ್ಯಾಂಡ್ ಬ್ರೇಕ್ ಎಳದು, ಟಾಪ್ ಗೇರ್ ಹಾಕಿ, ಪೆಡಲ್ ಬಿಡು," ಅಂದರು. ಕ್ಲಚ್ ಹಿಡಿದಿದ್ದರ ಎಂಜಿನ್ ಗಕ್ಕನ ಬಂದ್ ಆಗಬೇಕು. ಬಂದ್ ಆಗಲಿಲ್ಲ, ಆರಾಮ ತಿರುಗತಿತ್ತು. ಜಾರಾಕತ್ತೈತಿ ಅನ್ನೋದಕ್ಕ ಬ್ಯಾರೆ ಸಾಕ್ಷಿ ಬೇಕಾಗಿರಲಿಲ್ಲ. ಅವರು ಅಂದದ್ದ ಆಗಿತ್ತು.

ಕಡೀಕ ಒಬ್ಬ ರೈತ ಎತ್ತು ಬಿಚ್ಚಿಕೊಂಡು ಬಂದು, ಹಗ್ಗ ಕಟ್ಟಿ ಕಾರು ಎಳೆಸಿದ. ಹೊಳಿಗೆ ಬಂದ ಹೆಣ್ಣಮಕ್ಕಳು ಕೊಡ ಹೊತಗೊಂಡು ನಿಂತು ನೋಡಿ ನಕ್ಕರು. ನಾನು ಸ್ಟೇರಿಂಗ್ ಹಿಡಕೊಂಡು ತಲಿ ಬಗ್ಗಿಸಿ ಕುಂತಿದ್ದೆ. ನನ್ನ ಮಾನ ಅಲ್ಲೇ ಹರಾಜಾತು. ಉಸ್ತಾದ್ರು ಮಾತ್ರ ಹಿಂದಿನಿಂದ ದೂಡತಿದ್ದರು. ಬೈದಿದ್ದರ ಚಲೋ ಇತ್ತು.

ಲಾರಿ ಹಿಂದ ಕಟ್ಟಿ ಕಾರು ನಮ್ಮ ಅಂಗಳಕ್ಕ ತಂದ್ವಿ. ಸಾವಕಾರ್ರು ಹೊರಸಿನ ಮ್ಯಾಲೆ ಕುಂತು, "ಏನಾಗೇತಿ ನೋಡಿ ಹೇಳ್ರಿ. ಆಗೂದಿಲ್ಲಂದ್ರ ಎಂಜಿನ್ ಬಿಚ್ಚಿಬಿಡ್ರಿ," ಅಂದರು. ಬಿಚ್ಚಿದ ಸುದ್ದಿ ಊರಾಗ ಹಬ್ಬಿದರ ಮುಂದ ನನ್ನ ಗ್ಯಾರೇಜಿಗೆ ಯಾರ ಬರತಾರ? ನಾನೂ ಉಸ್ತಾದ್ರೂ ಗೇರ್ ಬಾಕ್ಸ್ ಇಳಿಸಿದ್ವಿ. ಎಣ್ಣಿ ಹತ್ತಿದರ ಪ್ಲೇಟು ಜಾರತೈತಿ; ಎಂಜಿನ್ ಆಯಿಲ್ ಸೋರಿ ಪ್ಲೇಟಿಗೆ ಬಡದಿರಬೇಕು ಅಂತ ನನ್ನ ಎಣಿಕಿ. ಒಳಗೆಲ್ಲಾ ಒಣಾ ಒಣಾ ಇತ್ತು. ಪ್ಲೇಟಷ್ಟ ಕರ್ರಗ ಸುಟ್ಟು ಜಿಡ್ಡಾಗಿತ್ತು. ಉಸ್ತಾದ್ರು ಅದನ್ನ ಮೂಗಿಗೆ ಹಿಡಿದು, ನನ್ನ ಕೈಯಾಗ ಕೊಟ್ಟರು.

ಕುಸುಬಿ ಎಣ್ಣಿ ವಾಸನಿ. ನಮ್ಮ ಅಡಗಿ ಮನಿ ವಾಸನಿ.

ಆ ಹೊತ್ತಿಗೇ ಅವ್ವ ಚಹಾ ತಂದಳು. ಪ್ಲೇಟು ನೋಡಿ ಮಾರಿ ಸಣ್ಣದು ಮಾಡಿ, "ಎರಡೂ ಕಡೆ ತಿಕ್ಕಿ ತಿಕ್ಕಿ ಎಣ್ಣಿ ಹಚ್ಚಿದ್ನೆಪಾ, ಜಂಗು ಹತ್ತಬಾರದು, ನನ್ನ ಮಗನ ಮೊದಲನೇ ದೊಡ್ಡ ಕೆಲಸ ಅಂತ. ಆದರೂ ಹಿಂಗ್ಯಾಕ ಆತು?" ಅಂದಳು.

ನನಗ ನಾಚಿಕಿ, ಸಿಟ್ಟು ಎರಡೂ ಕೂಡಿ ಬಂದವು. ಉಸ್ತಾದ್ರ ಮಾತು ಸುಳ್ಳು ಅಂತ ಈಗ ತೋರಸಬಹುದಿತ್ತು. ಅದಕ್ಕ ಅವ್ವನ್ನ ಸಾವಕಾರ್ರ ಮುಂದ ನಿಲ್ಲಸಬೇಕಿತ್ತು.

ಉಸ್ತಾದ್ರು ಕೈ ಒರಿಸಿಕೊಂಡು ಎದ್ದರು. "ಅಂಗಡಿಯಿಂದ ಪ್ಲೇಟ ಹೊಲಸು ಬಂದೈತ್ರಿ ಸಾವಕಾರ್ರ, ಎಂಜಿನ್ ನೆಟ್ಟಗೈತಿ. ಇಂಥಾದ ಬ್ಯಾರೆ ಪ್ಲೇಟು ಹಾಕಿದ್ರ ಏರು ಹತ್ತತೈತಿ, ನಾ ಹೇಳತೇನಿ," ಅಂದರು. ಆಮ್ಯಾಲೆ ಅವ್ವನ ಕಡೆ ತಿರುಗಿ, "ನಿಮ್ಮ ಪೂಜಿಯೊಳಗ ತಪ್ಪಿಲ್ರಿ ಅಕ್ಕಾರ. ಆಗೂದಿಲ್ಲಂತ ನಾನ ಅಂದಿದ್ದೆ, ನನ್ನ ದೃಷ್ಟಿ ತಾಕಿರಬೇಕು," ಅಂದರು.

"ನನಗೂ ಹಂಗ ಅನಸಿತ್ತು," ಅಂದಳು ಅವ್ವ.

ಹೊಸಾ ಪ್ಲೇಟಿಗೆ ಎಣ್ಣಿ ಹತ್ತಿಲ್ಲ ಅಂತ ನೋಡಿ ನಾನ ಕುಂದರಿಸಿದೆ. ಕಾರು ಅದ ತಂಗಡಗಿ ಏರು ಹತ್ತಿತು, ನನ್ನ ಹೆಸರೂ ಆತು. ಅವ್ವಗ ಮಾತ್ರ ಖರೇ ಸಂಗತಿ ಹೇಳಾಕ ನನಗ ಬಾಯಿ ಬರಲಿಲ್ಲ. ಮುಂದ ಯಾವಾಗ ಉಸ್ತಾದ್ರು ಇಂಡಿಯಿಂದ ಬಂದರೂ ಆಕಿ ಅವರಿಗೆ ಚಹಾ ಮಾಡಿಕೊಡತಿದ್ದಳು, ಅದಕ್ಕೂ ಮೊದಲ ಅಂಗಳದಾಗ ನಿಂತ ಗಾಡಿ ಮ್ಯಾಲೆ ಕೌದಿ ಹೊಚ್ಚತಿದ್ದಳು. ಅದು ಉಸ್ತಾದ್ರಿಗೂ ಗೊತ್ತಿತ್ತು. ಕೌದಿ ಹೊಚ್ಚೂತನಕ ಬಾಗಲದ ಹೊರಗ, ಗಾಡಿಗೆ ಬೆನ್ನು ಮಾಡಿ ನಿಂತಿರತಿದ್ದರು.