ಹಿಮದಲ್ಲಿ ಕೇಳಿದ ಒಂದು ಮಾತು

ದೆವ್ವ, ಅಶರೀರವಾಣಿ ಅಂತ ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ಅಂಥ ಮಾತು ಕೇಳುವ ತಾಳ್ಮೆ ನನಗಿಲ್ಲ. ಹಾಗಾಗಿ ಇದನ್ನು ಬರೆಯಬೇಕಾಗಿ ಬಂದದ್ದಕ್ಕೇ ಒಂದು ಥರ ಸಿಟ್ಟು. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಜಪಾನಿನಲ್ಲಿ ದೊಡ್ಡ ಭೂಕಂಪವಾದ ಮೇಲಿನ ನಾಲ್ಕನೆಯ ಚಳಿಗಾಲ. ನಾನು ಸೆಂಡಾಯ್‌ನಲ್ಲಿ ಪಿಎಚ್.ಡಿ.ಗೆ ಸೇರಿ ಮೂರು ತಿಂಗಳಾಗಿತ್ತು. ಕ್ಷಮಿಸಿ ಎನ್ನಲು ಸುಮಿಮಾಸೆನ್, ಧನ್ಯವಾದಕ್ಕೆ ಅರಿಗಾತೋ, ಪಠ್ಯಪುಸ್ತಕದ ಮೊದಲ ಆರು ಪಾಠ: ನನಗೆ ಬರುತ್ತಿದ್ದ ಜಪಾನಿ ಅಷ್ಟೇ. ನಮ್ಮ ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಕಿಮುರಾ-ಸಾನ್ ಐವತ್ತು ದಾಟಿದವರು, ಬೆಟ್ಟದ ಕಡೆಯ ಹಳ್ಳಿಯವರು, ನನ್ನೊಂದಿಗೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವರು. ಸ್ಕೀಯಿಂಗ್ ಕಲಿಸುತ್ತೇನೆಂದು ಒಂದು ಭಾನುವಾರ ತಮ್ಮೂರಿನತ್ತ ಕರೆದೊಯ್ದರು. ಇಳಿಜಾರಿನಲ್ಲಿ ಧುಮುಕುವ ಸ್ಕೀಯಿಂಗ್ ಅಲ್ಲ, ಹೆಚ್ಚುಕಡಿಮೆ ಸಮತಟ್ಟಾದ ಹಿಮದ ಮೇಲೆ ಕಾಡಿನ ನಡುವೆ ಸಾಗುತ್ತಾ ಹೋಗುವುದು. ನಡೆಯಲು ಬಂದರೆ ಇದೂ ಬರುತ್ತದೆ ಎಂದಿದ್ದರು.

ಶುದ್ಧ ಸುಳ್ಳು. ಈ ಸ್ಕೀಗೆ ಬೂಟಿನ ತುದಿ ಮಾತ್ರ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಏಳುತ್ತಲೇ ಇರುತ್ತದೆ. ಬಲಗಾಲು ಮುಂದಿಟ್ಟರೆ ಎಡಗಾಲು ಹಿಂದಕ್ಕೆ ಜಾರುವುದು, ಸರಿಮಾಡಿಕೊಳ್ಳುವಷ್ಟರಲ್ಲಿ ಒಂದರ ಮೇಲೊಂದು ಏರಿ ನಾನು ಮಗ್ಗುಲಾಗಿ ಉರುಳುವುದು. ಬೀಳುವುದಕ್ಕಿಂತ ಏಳುವುದೇ ಹೆಚ್ಚು ಅವಮಾನ. ಪ್ರತಿ ಸಲವೂ ಕಿಮುರಾ-ಸಾನ್ ಚೆನ್ನಾಗಿ ಮಾಡುತ್ತಿದ್ದೀರಿ ಎನ್ನುತ್ತಿದ್ದರು. ಹನ್ನೊಂದನೆಯ ಸಲ ಬಿದ್ದ ಮೇಲೆ ಆ ಸೌಜನ್ಯವೂ ಸಹಿಸಲಾಗಲಿಲ್ಲ. ಅವರು ತಮ್ಮ ಸ್ಕೀಗೆ ಅಂಟಿದ ಮಂಜುಗಡ್ಡೆ ಕೆರೆಯಲು ನಿಂತರು. ಅಲ್ಲೇ ಇರಿ ಎಂದದ್ದು ಕೇಳಿಸದವಳಂತೆ ನಾನು ಹೊರಟೆ.

ಮಧ್ಯಾಹ್ನ ಎರಡು ಗಂಟೆ. ಒಳ್ಳೆಯ ಬೆಳಕು, ಗಾಳಿಯಿಲ್ಲ. ಮುಂದೆ ಮರಗಳಿಲ್ಲದ ಬಯಲು. ಅಲ್ಲಿ ಮೊದಲ ಸಲ ಸ್ಕೀ ತಾನಾಗಿ ಹರಿಯತೊಡಗಿತು. ಕೊನೆಗೂ ಬಂತಲ್ಲ ಅಂದುಕೊಳ್ಳುತ್ತಿರುವಾಗ ಬಲಗಡೆಯಿಂದ, ಮಾರು ದೂರದಲ್ಲಿ, ಯಾರೋ ಬೇಸತ್ತ ದನಿಯಲ್ಲಿ "ನೆಮಾರೆ" ಎಂದರು.

ಕೂತ್ಕೋ, ಅಂತ. ನಾನು ಯೋಚಿಸಲೇ ಇಲ್ಲ. ಗದರಿಸಿಕೊಂಡ ಮಗುವಿನಂತೆ ಹಿಂದಕ್ಕೆ ಧೊಪ್ಪನೆ ಕೂತೆ. ಸ್ಕೀಗಳ ತುದಿಯಿಂದ ಒಂದು ಗೇಣು ಮುಂದೆ, ಒಂದು ಕೋಣೆಯಷ್ಟು ಹಿಮ ಸದ್ದಿಲ್ಲದೆ ಕುಸಿಯಿತು. ಕೆಳಗೆ, ಆಳದಲ್ಲಿ, ತೊರೆಯ ಕಪ್ಪು ನೀರು ಹರಿಯುತ್ತಿತ್ತು.

ಕಿಮುರಾ-ಸಾನ್ ಬಂದು ಜಾಕೆಟ್ ಹಿಡಿದು ನನ್ನನ್ನು ಹಿಂದಕ್ಕೆಳೆದರು. ಹೇಗೆ ಕೂತಿರಿ ಎಂದು ಕೇಳಿದರು. ಯಾರೋ ನೆಮಾರೆ ಅಂದರು ಎಂದೆ. ಅವರು ಸುತ್ತ ನೋಡಿದರು. ಹಿಮದ ಮೇಲೆ ಇದ್ದದ್ದು ನಮ್ಮಿಬ್ಬರ ಜಾಡು ಮಾತ್ರ.

"ಆ ಪದ ನಿಮಗೆ ಯಾರು ಕಲಿಸಿದ್ರು?"

ಯಾರೂ ಕಲಿಸಿರಲಿಲ್ಲ. ನನ್ನ ಪುಸ್ತಕದಲ್ಲಿ ಕೂರುವುದಕ್ಕೆ ಬೇರೆಯೇ ಪದ ಇತ್ತು. ನೆಮಾರೆ ಎನ್ನುವುದು ಈ ಕಡೆಯ ಹಳಬರ ಮಾತಂತೆ. ಅವರ ಅಜ್ಜಿ ಹಾಗೆನ್ನುತ್ತಿದ್ದರಂತೆ. ಟೋಕಿಯೋದವರ ಕಿವಿಗೆ ಅದು ಮಲಗು ಅಂದಂತೆ ಕೇಳಿಸೀತು ಎಂದರು. ಆಮೇಲೆ ಟೋಪಿ ತೆಗೆದು, ಆ ಖಾಲಿ ಬಯಲಿಗೆ ಸೊಂಟದವರೆಗೂ ಬಾಗಿ ನಮಸ್ಕರಿಸಿದರು.

"ನೀವೂ ಅರಿಗಾತೋ ಹೇಳಿ."

ಯಾರಿಗೆ ಎಂದೆ. ತಮಗೂ ಗೊತ್ತಿಲ್ಲ ಎಂದರು. ಒದ್ದೆ ಬಟ್ಟೆಯಲ್ಲಿ ಹಲ್ಲು ಕಟಕಟಿಸುತ್ತಾ, ಸಿಡಿಮಿಡಿಗೊಂಡೇ ನಾನೂ ಬಾಗಿದೆ.

ಟೋಕಿಯೋ ಪಕ್ಕದ ಕಾವಾಸಾಕಿ ಊರಿನಲ್ಲಿ ಕೆಲಸದಲ್ಲಿದ್ದ ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು. "ಬಸ್ಸಲ್ಲಿ ಯಾರೋ ಅಜ್ಜಿ ಅಂದಿರ್ತಾರೆ, ಬ್ರೈನ್ ರೆಕಾರ್ಡ್ ಮಾಡ್ಕೊಂಡಿರುತ್ತೆ ಬಿಡು." ಇರಬಹುದು. ನಾನೂ ಎಷ್ಟೋ ಸಲ ಹಾಗೇ ವಾದಿಸಿಕೊಂಡಿದ್ದೇನೆ. ಪದದ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ, ದನಿಯದ್ದು ಸರಿಹೋಗುವುದಿಲ್ಲ. ಅದು ಗಂಡಸಿನದೋ ಹೆಂಗಸಿನದೋ ನೆನಪಿಲ್ಲ, ಅದರ ಬೇಸರ ಮಾತ್ರ ಚೆನ್ನಾಗಿ ನೆನಪಿದೆ. ಬೆಳಗಿನಿಂದ ನನ್ನನ್ನು ನೋಡಿ ನೋಡಿ ಸಾಕಾದವರ ದನಿ ಅದು.