ಡಾಕ್ಟರಮ್ಮ ಕೇಳಿದ್ದು, ನಾನು ಹೇಳಿದ್ದು

ಹೈಸ್ಕೂಲು ಮುಗಿಸಿ ದೆಹಲಿಗೆ ಬಂದು ಸರ್ಕಾರಿ ಕಚೇರಿಯಲ್ಲಿ ಡ್ರೈವರ್ ಆದವನು ನಾನು. ಮದುವೆಯಾದ ಮೇಲೆ ಹೆಂಡತಿಯ ಪಾಲಿನ ಹಿಂದಿಯನ್ನೂ ನಾನೇ ಮಾತಾಡುತ್ತಿದ್ದೆ. ಡಿಸ್ಪೆನ್ಸರಿಯಲ್ಲಿ ಅವಳು ಸ್ಟೂಲಿನ ಮೇಲೆ ಕೂತರೆ, ಹಿಂದೆ ನಿಂತು ಅವಳ ಕಾಯಿಲೆ ಹೇಳುವವನು ನಾನು. ದೆಹಲಿಗೆ ಬಂದ ನಮ್ಮ ಕನ್ನಡದವರ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು.

ಒಮ್ಮೆ ಬಿಳಿ ಸೆರಗು, ಸೊಂಟನೋವು ಎಂದು ಹೋದಾಗ ಡಾಕ್ಟರಮ್ಮ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಕಾಣಿಸುತ್ತಿತ್ತು. ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತವರ ಕಿವಿಗೆ ಬಿದ್ದೀತೆಂದು, ಅವಳನ್ನು ಕೇಳದೆಯೇ ಇಲ್ಲ ಎಂದುಬಿಟ್ಟೆ. ಪರೀಕ್ಷೆ ಏನೂ ಮಾಡದೆ ಮಾತ್ರೆ ಬರೆದು ಕಳಿಸಿದರು.

ಮರುವರ್ಷ ರಕ್ತ ಹೆಚ್ಚಾಯಿತು. ಮಯೂರ್ ವಿಹಾರದ ಮನೆಯಿಂದ ಆಟೋದಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು. ಹೆಸರು ಕರೆದಾಗ ನಾನೂ ಎದ್ದೆ. ಅವಳು ಮೊಣಕೈ ಹಿಡಿದು ಕೂರಿಸಿದಳು.

“ನೀವು ಇಲ್ಲೇ ಇರಿ. ತರಕಾರಿ ಭಯ್ಯಾ ಹತ್ರ ಇಷ್ಟು ವರ್ಷ ಚೌಕಾಸಿ ಮಾಡಿದೀನಿ, ಅಷ್ಟು ಹಿಂದಿ ನನಗೂ ಬರುತ್ತೆ.”

“ಹಾಗಾದ್ರೆ ಅವತ್ತು...”

“ಅವತ್ತೂ ಅರ್ಥ ಆಗಿತ್ತು ರೀ. ನೀವು ಇಲ್ಲ ಅಂದ್ಮೇಲೆ ನಾನು ಹೌದು ಅಂತ ಹೇಗೆ ಹೇಳ್ಲಿ?”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಗರ್ಭಕೋಶದ ಬಾಯಿಯಿಂದ ಸ್ವಲ್ಪ ಒರೆಸಿ ತೆಗೆದು ಪರೀಕ್ಷೆ ಮಾಡಿದರು. ಆಮೇಲೆ ಚೂರು ತೆಗೆದು ಇನ್ನೊಂದು ಪರೀಕ್ಷೆ. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿತ್ತು. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಅವಳು ಉಳಿದಳು. ಅಲ್ಲಿನ ಡಾಕ್ಟರು ನನ್ನನ್ನೂ ಕರೆದು ಹೇಳಿದರು: ಇದು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವುದು, ದೇಹಸಂಬಂಧದಲ್ಲಿ ಹರಡುತ್ತದೆ, ಬಹಳ ಜನರಲ್ಲಿ ತಾನೇ ಹೋಗುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯುತ್ತದೆ. ಯಾರಿಂದ ಬಂತೆಂದು ಹುಡುಕಿ ಫಲವಿಲ್ಲ. ಮಗಳಿದ್ದರೆ ಈಗ ಲಸಿಕೆ ಬಂದಿದೆ, ಮದುವೆಗೆ ಬಹಳ ಮೊದಲೇ ಹಾಕಿಸಿ. ಹಾಕಿಸಿದರೂ ದೊಡ್ಡವಳಾದ ಮೇಲೆ ಪರೀಕ್ಷೆ ಬಿಡಬಾರದು.

ಮಗಳು ಆಗ ಒಂಬತ್ತನೇ ಕ್ಲಾಸು. “ಪಪ್ಪಾ, ಯೇ ಇಂಜೆಕ್ಷನ್ ಯಾಕೆ?” ಎಂದು ಕೇಳಿದಳು. ಶಕ್ತಿಗೆ ಎಂದುಬಿಡಬಹುದಿತ್ತು. ಹುರುಳಿಕಾಯಿ ಬಿಡಿಸುತ್ತಿದ್ದ ಹೆಂಡತಿ ತಲೆಯೆತ್ತಿ ನೋಡಿದಳು. ತಡವರಿಸುತ್ತ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಎಲ್ಲವನ್ನೂ ಹೇಳಿದೆ.

“ಅಚ್ಛಾ. ಅಮ್ಮಂಗೆ ಯಾಕೆ ಹಾಕಿಸ್ಲಿಲ್ಲ?”

“ಅಮ್ಮ ನಿನ್ನ ವಯಸ್ಸಲ್ಲಿದ್ದಾಗ ಲಸಿಕೆ ಇರ್ಲಿಲ್ಲ ಮಗಳೇ. ಆಮೇಲೆ ಪರೀಕ್ಷೆ ಇತ್ತು. ಅದನ್ನ ನಾನೇ ತಪ್ಪಿಸಿದೆ.”

ಹೆಂಡತಿ ಎದ್ದು ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟಳು.